ಗಾದಿ

ಗೋಕುಲ ರೋಡಿನ ಸಭಾಭವನಕ್ಕ ಮುಂಜಾನೆ ಆರಕ್ಕ
ನನ್ನ ಟಂಟಂ ಬರತೈತಿ.
ಮುನ್ನೂರಾ ಇಪ್ಪತ್ತು ಕುರ್ಚಿ,
ಒಂದರ ತೊಡಿ ಮ್ಯಾಲೊಂದು ಕುಂತು ಬಂದಿರತಾವ.

ಇಳಿಸಿದ ಮ್ಯಾಲೆ ಸುರು ಆಗತೈತಿ ಹಿರೇತನ.
ಮೊದಲ ಸಾಲಿಗೆ ಸೋಫಾ.
ಎರಡನೇದಕ್ಕ ಬಿಳೇ ಅಂಗಿ ತೊಟ್ಟ ಕುರ್ಚಿ, ಬೆನ್ನಿಗೆ ಕೆಂಪು ರಿಬ್ಬನ್.
ಆರನೇ ಸಾಲಿನಿಂದ ಅಂಗಿ ಇಲ್ಲ.
ಕಾಲು ಸೊಟ್ಟ ಆದವನ್ನ ಕಂಬದ ಹಿಂದ ಹಾಕತೇನಿ,
ಅಲ್ಲೆ ಕುಂಡ್ರಾವರು ಹೆಂಗೂ ಅಲುಗಾಡೂದಿಲ್ಲ.

ಇವತ್ತ ಉದ್ಯಮಿಗಳ ವಾರ್ಷಿಕ ಸಭಾ.
ನಾನೂ ಸದಸ್ಯ. ಎರಡೂವರೆ ಸಾವಿರ ಕೊಟ್ಟ ರಸೀದಿ ಐತಿ:
ಹೆಸರು, ಖಾದರಸಾಬ ನದಾಫ.
ಧಂದೆ, ಇತರೆ.

ಅಧ್ಯಕ್ಷರು ಮೈಕ್ ಹಿಡದು, ‘ಧೈರ್ಯ ಬೇಕ್ರಿ, ಬರೇ ಧೈರ್ಯ,
ನಾ ಸೊನ್ನೆಯಿಂದ ಸುರು ಮಾಡಿದೆ’ ಅಂದರು.
ಆ ಸೊನ್ನೆ ನನಗ ಗೊತ್ತೈತಿ.
ತಾರಿಹಾಳದಾಗ ನಾಕು ಎಕರೆ ಇತ್ತು ಅದು,
ನಡುವ ಒಂದು ಬೋರ್‌ವೆಲ್,
ಬ್ಯಾಂಕಿನಾಗ ಒಬ್ಬ ಸ್ವಾದರಮಾವ.

ಚಪ್ಪಾಳೆ. ನಾನೂ ಹೊಡದೆ.
ಅವರ ಗೋಡೌನ್ ಪೂಜಾದ ಬಿಲ್ಲು
ದೀಪಾವಳಿಗೆ ಕೊಟ್ಟದ್ದು, ಯುಗಾದಿ ದಾಟಿತು.
ಫೋನ್ ಮಾಡಿದರ, ಹುಡುಗನ್ನ ಕೇಳು ಅಂತಾರ.
ಹುಡುಗ, ಸಾಹೇಬರ್ನ ಕೇಳ್ರಿ ಅಂತಾನ.

ನಮ್ಮಪ್ಪನ ಕೈಯಾಗೂ ಒಂದು ಬಿಲ್ಲಿತ್ತು,
ಅರಳಿ ಹಿಂಜೂದು.
ಟೊಂಯ್ ಟೊಂಯ್ ಅಂತಿತ್ತು. ಅಷ್ಟರ ದನಿ ಇತ್ತು ಅದಕ್ಕ.
ಇವರ ಅಜ್ಜನ ಪೇಢಿಗೆ, ಜವಳಿ ಸಾಲಿನಾಗ,
ಗಾದಿ ಹೊಲದು ಹಾಸಿದ್ದು ಅವನ.
‘ಮೆತ್ತಗಾಗೇತೇನು, ಕುಂತು ನೋಡು’ ಅಂದಿದ್ದರು ಅಜ್ಜಾರು.
ಅಪ್ಪ ಮೊಳಕಾಲೂರಿ ಒತ್ತಿ ನೋಡಿ ಎದ್ದ.
ದಾರ್‍ಯಾಗ ಕೇಳಿದೆ, ಯಾಕ ಕುಂಡ್ರಲಿಲ್ಲ?
ಹುಬ್ಬಿನ ಮ್ಯಾಲಿನ ಅರಳಿ ಒರಿಸಿಕೊಂತ ಅಂದ:
‘ಹೊಲದಾಂವ ಕುಂತರ ತೆಗ್ಗು ಬೀಳತೈತಿ.’

‘ಹಿಂದಿನವರು ಯಾರರ ಮಾತಾಡ್ತೀರೇನು? ಎರಡು ನಿಮಿಷ.’
ಕಂಬದ ಹಿಂದಿನಿಂದ ಎದ್ದಳು ಒಬ್ಬಾಕಿ,
ಬೆಟಗೇರಿಯಾಕಿ, ಖಾರಪುಡಿ ಮಾಡತಾಳ, ಹನ್ನೊಂದು ಮಂದಿ ಕೆಲಸಕ್ಕ.
ಹೆಸರು ಹೇಳೂದರಾಗ
ಊಟ ರೆಡಿ ಐತಿ ಅಂತ ಯಾರೋ ಕೂಗಿದರು.
ಸೊಟ್ಟ ಕುರ್ಚಿ ಆಕಿಗಿಂತ ಮೊದಲ ಕುಂತಿತು.

ಮೂರಕ್ಕ ಎಲ್ಲಾ ಖಾಲಿ.
ಅಂಗಿ ಬಿಚ್ಚಿದರ ಎಲ್ಲಾ ಕುರ್ಚಿ ಒಂದ ಬಣ್ಣ.
ಮೈಲಾರಿ, ಸೋಫಾ ಎತ್ತಬೇಕಾದಾಂವ, ಅದರ ಮ್ಯಾಲೆ ಕುಂತ.
‘ಎರಡು ವಾರದ ಪಗಾರ, ಅಣ್ಣಾ.’
ಶನಿವಾರ ಕೇಳು, ಅಂದೆ.
ಏಳಲಿಲ್ಲ.
ಏಳ್ಲೇ, ತೆಗ್ಗು ಬೀಳತೈತಿ, ಅಂದೆ.

ಮಾತು ಅಪ್ಪಂದು.
ದನಿ, ಆ ಗಾದಿ ಮ್ಯಾಲಿಂದು.