ಹೊಸ್ತಿಲಿನ ಅಕ್ಷರ

ಡೊನೆಗಾಲಿನ ಅಡುಗೆಮನೆ. ಒಲೆಯಲ್ಲಿ
ಜವುಗುಮಣ್ಣಿನ ಹೆಂಟೆ ಹೊಗೆಯಾಡುತ್ತಿದೆ.
ನಾಬ್ಲಾ ಆಲೂಗಡ್ಡೆ ಹೆರೆಯುತ್ತ ನನ್ನ ವಾಕ್ಯಗಳಿಗೆ
ಹೂಂ ಅನ್ನುತ್ತಾಳೆ, ಇಲ್ಲವೆ ಮೂಗು ಮುರಿಯುತ್ತಾಳೆ.

ಪದವೊಂದು ತಳದಿಂದೆದ್ದು ವಾಕ್ಯದ ತಲೆಗೇರುವುದು
ಒಂದೇ ನೆಗೆತಕ್ಕಲ್ಲ,
ಹೊಸ್ತಿಲಿಂದ ಹೊಸ್ತಿಲಿಗೆ, ನಿಂತು ನಿಂತು.
ಹೀಗೆಂದು ನಮ್ಮ ಸಿದ್ಧಾಂತ.
ಕನ್ನಡದ ‘ಎಂದು’ ಗುಟ್ಟು ಬಿಡದು,
ಯಾರು ದಾಟಿದರೂ ಮಿಸುಕದು.
ಐರಿಷ್‌ಗೆ ಬಾಯಲ್ಲಿ ಮಾತು ನಿಲ್ಲುವುದಿಲ್ಲ:
ಯಾರೂ ದಾಟದ ಹೊಸ್ತಿಲಲ್ಲಿ ‘ಗ’,
ದಾಟಿದ ಒಂದೊಂದರಲ್ಲೂ ‘ಅ’.

‘ಅಲ್ಲಿರುತ್ತಾನೆಂದು ನಾನು ನಂಬಿದ್ದ ಗಂಡಸು’
ಎಂಬುದನ್ನು ಅವಳ ನುಡಿಯಲ್ಲಿ ಹೇಳಿಸಿದೆ.
ಅ ಬಂತು, ಮತ್ತೆ ಅ.
ಕೊನೆಗೆ ಖಾಲಿ ಜಾಗ.

‘ಅಲ್ಲೊಂದು “ಅವನು” ಇಡಬಹುದೆ?’

ಚಾಕು ನಿಂತಿತು.
‘ಇಡು. ಒಳಬಾಗಿಲಿಗೆ ಆಗ “ಗ” ಬರುತ್ತೆ.
ಅವನು ಎದ್ದು ಹೊರಟೇ ಇಲ್ಲ ಅಂದ ಹಾಗೆ.’

ಇಷ್ಟನ್ನೇ ಹೇಳಲು ನಾನು
ನಲವತ್ತು ಪುಟ ತಿಂದಿದ್ದೆ.
ಟೇಪು ತಿರುಗುತ್ತಿತ್ತು. ಯಾರು ಆ ಗಂಡಸು
ಎಂಬುದು ಪ್ರಶ್ನಾವಳಿಯಲ್ಲಿ ಇರಲಿಲ್ಲ.

ಸಿಪ್ಪೆ ತುಂಡಾಗದೆ, ಒಂದೇ ಎಳೆಯಾಗಿ,
ಬಕೆಟ್ಟಿಗೆ ಇಳಿಯಿತು.
‘ಮುಂದಿನದು ಕೇಳು,’ ಅಂದಳು.