ಏಳನೇ ಸಂಚಿಕೆ

ಬಾಷಾ ನಗರದ ಇಮಾಮ್‌ಸಾಬ್
ಮಂಡಕ್ಕಿ ಭಟ್ಟಿಯ ಮಸಿಬೆರಳಲ್ಲೇ
ಕಾಮಿಕ್ಸ್ ಬರೆದು ತರುತ್ತಾನೆ. ನನ್ನದು ಬರೀ ಜೆರಾಕ್ಸ್,
ಇಪ್ಪತ್ತು ಪ್ರತಿ, ಅರ್ಧ ಸಾಲ.

ಇವನ ಬೂಬಮ್ಮ ಹಾರುವುದಿಲ್ಲ.
ಬೆನ್ನಿಗೆ ಸೆರಗಿದೆ; ಅದು ಬಿಸಿ ಬಾಣಲೆ ಹಿಡಿಯಲಿಕ್ಕೆ.
ಸೂಪರ್ ಪವರ್ರು ಒಂದೇ: ಕಾದ ಉಸುಕಿನಲ್ಲಿ
ಅರಳದೆ ಉಳಿವ ಕಾಳು ಯಾವುದೆಂದು
ಮೊದಲೇ ಕೇಳಿಸುತ್ತದೆ ಅವಳಿಗೆ.

'ಹೊಡೆದಾಟ ಯಾವಾಗಲೋ?' ಅಂದೆ.
ಆರು ಸಂಚಿಕೆ ಆಯ್ತು, ಖಳನಾಯಕ
ಇನ್ನೂ ಅಶೋಕ ರಸ್ತೆಯ ರೈಲ್ವೆ ಗೇಟಿನಾಚೆ.
ಗೂಡ್ಸು ಮುಗಿಯುತ್ತಿಲ್ಲ.

ಏಳರಲ್ಲಿ ಗೇಟು ತೆರೆಯಿತು.
ಬಂದ. ದಾವಣಗೆರೆಯನ್ನೇ ಸುಡುತ್ತೇನೆಂದ.
ಬೂಬಮ್ಮ ಅವನೆದೆಗೆ ಕಿವಿಗೊಟ್ಟಳು.
ಮುಂದಿನ ಚೌಕ ಖಾಲಿ.

ಟೋನರ್ ತೀರಿತೇನೋ ಅಂತ
ಮಿಷನ್ ಬಿಚ್ಚಿ ನೋಡಿದೆ.
ಇಲ್ಲ. ಹಾಗೇ ಬಿಟ್ಟಿದ್ದಾನೆ.

ಕೊನೆಯ ಪುಟ:
ಮಂಡಕ್ಕಿ ಎರಡು ಪೊಟ್ಟಣ,
ನಡುವೆ ಒಂದೇ ಮಿರ್ಚಿ.