ಹೆಚ್ಚಿದ್ದು

ಬಳಿ ಒಡದ್ವು ಅನಬಾರದು ನಮ್ಮ ಮನ್ಯಾಗ.
ಹೆಚ್ಚಿದ್ವು ಅನಬೇಕು.
ಅಪ್ಪನ ಕೆಂಪು ಬಟ್ಟಿ ವಹಿಯೊಳಗ
ಸಂತಿಗೊಂದು ಸಾಲು:
ಕೆರೂರು, ಹೆಚ್ಚಿದ್ದು ಎರಡು ಡಜನ್.
ಗುಳೇದಗುಡ್ಡ, ಹೆಚ್ಚಿದ್ದು ಮೂರೂವರಿ.
ಅಮೀನಗಡ, ಮಳಿ, ತಗ್ಗು ಕಾಣಲಿಲ್ಲ, ಹೆಚ್ಚಿದ್ದು ಆರು.
ಓದಿದವರು ತಿಳಕೊಂಡಾರು
ಈ ಮನಷ್ಯಾ ದಿನಾ ಬೆಳಕೋತ ಹೋದ ಅಂತ.

ಹಿನ್ನೀರು ಬಂದು ಹಳೇ ಪ್ಯಾಟಿ ಅಂಗಡಿ ಹೋತು,
ನವನಗರದಾಗ ಸೆಕ್ಟರ್ ನಂಬರು ಬಂತು,
ಆಮ್ಯಾಲೆ ಅಪ್ಪನೂ ಹೋದ.
ಉಳದದ್ದು ಇಪ್ಪತ್ತಾರು ವರ್ಷದ ಬೂದಿಬಣ್ಣದ ಓಮ್ನಿ
ಮತ್ತ ಆ ವಹಿ.
ಅವನ ಅಕ್ಷರದ ಕೆಳಗ ನನ್ನ ಅಕ್ಷರ,
ನಾನೂ ಹೆಚ್ಚಿಸಿಕೋತ ಬಂದೆ.

ಹೋದ ಶ್ರಾವಣದಾಗ ಕಮತಗಿ ದಾರಿಯ ಒಂದು ತಗ್ಗು
ಹನ್ನೊಂದು ಡಜನ್ ನುಂಗಿತು.
ಹಿಂದ ಡಬ್ಬಿಯೊಳಗ ಗಲ್ ಅಂತು, ಒಮ್ಮೆ.
ಆಮ್ಯಾಲೆ ಸುಮ್ನ.
ಆ ಸುಮ್ನ ಇರೂದರಾಗ ನನಗ ಲೆಕ್ಕ ತಿಳದಿತ್ತು.

ಡೋಂಗ್ರಿಸಾಬ ಹಿಂದಿನ ಬಂಪರಿಗೆ ಎರಡೂ ಕೈ ಊರಿ
ಒತ್ತಿ ಬಿಟ್ಟ.
ಗಾಡಿ ಎದ್ದಿತು, ಕುಂತಿತು, ಎದ್ದಿತು, ಕುಂತಿತು,
ನಾಕು ಸಲ.
‘ಒಮ್ಮೆ ಬಗ್ಗಬೇಕ್ರಿ, ಒಮ್ಮೆ ಏಳಬೇಕು, ನಿಂದರಬೇಕು.
ಇದು ಹರಕಿ ಹೊತ್ತವರಂಗ ಕುಣ್ಯಾಕತ್ತೈತಿ.’
ಶಾಕಪ್ ಬಿಚ್ಚಿ ನನ್ನ ಕೈಯಾಗ ಕೊಟ್ಟ.
ಎಳದೆ, ಬಂತು. ಒತ್ತಿದೆ, ಹೋತು.
ತಡಿಯೂದು ಮರತ ಸೈಕಲ್ ಪಂಪು.
ಬುಷ್ ಬಿರಿದ ಹಿಮ್ಮಡದಂಗ.
ಪಾಟಾದ ಎರಡನೇ ಎಲಿ ಸೀಳಿದ್ದು ಕಣ್ಣಿಗೆ ಕಾಣಲಿಲ್ಲ,
ಉಗುರಿಗೆ ಸಿಕ್ಕಿತು.

‘ಇನ್ನೊಂದು ಎಲಿ ಸೇರಿಸಿ ಬಿರುಸ ಮಾಡು,’ ಅಂದೆ,
‘ತಗ್ಗಿಗೆ ಬಗ್ಗಬಾರದು.’
ಪಾನಾದಿಂದ ಕಿವಿ ಹಿಂದ ತುರಿಸಿಕೊಂಡ:
‘ಯಕ್ಕಾ, ಕಬ್ಬು ಹೇರತೀರೇನ್ರಿ?
ಬಿರುಸ ಮಾಡಿದಷ್ಟೂ ಒಡಿತಾವ...’
ನಾಲಿಗಿ ಕಚ್ಚಿಕೊಂಡ.
‘ಹೆಚ್ತಾವ.’

ಮೂರು ದಿನ ಇಟ್ಟುಕೊಂಡ.
ಹೊಸಾ ಪಾಟಾ, ಎಲಿ ಎಲಿ ನಡುವ ಗ್ರೀಸು,
ಹುಬ್ಬಳ್ಳಿಯಿಂದ ಬಸ್ಸಿನ್ಯಾಗ ಬಂದ ಹಳದಿ ಶಾಕಪ್ಪು ನಾಕು,
ಟೈರಿನ ಗಾಳಿ ಎರಡು ಪೌಂಡು ಇಳಿಸಿದ.
ಹದಿನಾಲ್ಕು ಸಾವಿರ.
ವಹಿ ಹಿಡದು ಕೂಡಿಸಿ ನೋಡಿದೆ,
ಒಂದೂವರಿ ವರ್ಷದ ಚೂರು.

ಚುಕ್ಕಿಬಳಿ, ರೇಶಿಮಿ ಬಳಿ, ಹಸಿರು ಗಾಜಿನವು
ಹೇರಿಕೊಂಡು ಹೊಂಟೆ ಕಮತಗಿಗೆ.
ಅದೇ ತಗ್ಗು ಬಂತು.
ಹಲ್ಲು ತಾವಾಗೇ ಕಚ್ಚಿಕೊಂಡ್ವು,
ಹೆಗಲು ಕಿವಿಗೆ ಏರಿದ್ವು.
ಗಾಡಿ ಒಮ್ಮೆ ಬಗ್ಗಿತು, ಎದ್ದಿತು, ನಿಂತಿತು,
ತಗ್ಗು ಹಿಂದ ಉಳೀತು.
ನಾನು ಮಾತ್ರ ಬಿಗದುಕೊಂಡೇ ಕುಂತಿದ್ದೆ,
ಇನ್ನೂ ಅರ್ಧಾ ಮೈಲಿ.

ಡಬ್ಬಿ ಬಿಚ್ಚಿ ಎಣಿಸಿದೆ, ಎರಡು ಸಲ.
ವಹಿ ತಗದೆ: ಕಮತಗಿ, ಹೆಚ್ಚಿದ್ದು
ಅಲ್ಲೇ ಪೆನ್ನು ನಿಂತಿತು.
ಸೊನ್ನಿ ಬರೀಬೇಕೋ, ಗೀಟು ಎಳೀಬೇಕೋ,
ಅಪ್ಪ ಹಂಗ ಎಂದೂ ಬರದವನಲ್ಲ.

ಅಷ್ಟರಾಗ ಪೌಡರ್ ಡಬ್ಬಿ ಹಿಡಕೊಂಡು ದಾನವ್ವ.
ವಾರಾ ವಾರಾ ಚೂರೆಲ್ಲಾ ಅಕಿಗೇ.
ಮೇಣಬತ್ತಿಗೆ ಹಿಡದು, ಬಗ್ಗಿಸಿ, ಕೊಂಡಿಗೆ ಕೊಂಡಿ ಹಾಕಿ
ಬಾಗಿಲಿಗೆ ಮಾಲಿ ಮಾಡಾಕತ್ಯಾಳು,
ಮುಕ್ಕಾಲು ಆಗೇತಿ.
‘ಹಸಿರು ಬೇಕಾಗಿತ್ತು.’
‘ಇವತ್ತ ಇಲ್ಲವ್ವಾ.’
‘ಕೆಂಪು?’
‘ಒಂದೂ ಇಲ್ಲ.’
ಡಬ್ಬಿಯೊಳಗ ಕಣ್ಣು ಹಾಕಿದ್ಲು.
ಸಾಲಕ್ಕ ಸಾಲು, ಎಲ್ಲಾ ಇಡೀ.

ಹಸರಂದು ಒಂದು ತಗದು ಕೊಟ್ಟೆ.
ಅಕಿ ಕೈಗೆ ದೊಡ್ಡದು, ಮೊಣಕೈ ದಾಟಿ ಹೋತು.
ತಗದು, ತಿರಿಗಿಸಿ ತಿರಿಗಿಸಿ ನೋಡಿ
ತಿರುಗಿ ಇಟ್ಲು:
‘ಇದಕ್ಕ ತುದೀನ ಇಲ್ಲಲ್ಲ.’

ಕೈಯಾರೆ ನಾ ಹೆಂಗ ಹೆಚ್ಚಿಸಲಿ,
ಬೋಣಿಗಿ ಹೊತ್ತಿನ್ಯಾಗ?

ಅಕಿ ಗಾಡಿ ಕೆಳಗ ಬಗ್ಗಿ
ಹಳದಿ ಶಾಕಪ್ಪು ನೋಡಿದ್ಲು,
ಎದ್ದು ಫ್ರಾಕಿನ ಮಣ್ಣು ಝಾಡಿಸಿದ್ಲು.
‘ಮುಂದಿನ ವಾರ
ಒಂಚೂರು ಜೋರ ಹೊಡಕೊಂಡ ಬಾ ಯಕ್ಕಾ.’